ತೆರೆದ ಕಾರಿಗೊಂದು ಮನೆ ಹೊದಿಕೆ: ಅಳತೆಯಿಂದ ಹೊಲಿಗೆವರೆಗೆ

*ಕೊಯಮತ್ತೂರು, ತಿರುಪ್ಪೂರು ಸೀಮೆಯಲ್ಲಿ ಹಳೆಯ ಓಪನ್ ಕಾರು, ಜೀಪು ಇಟ್ಟುಕೊಂಡವರಿಗೆ ಮಳೆಗಿಂತ ದೊಡ್ಡ ತಲೆನೋವು ಗಾಳಿ. ಅದಕ್ಕೆ ತಕ್ಕ ಹೊದಿಕೆಯನ್ನು ಮನೆಯ ಹೊಲಿಗೆ ಯಂತ್ರದಲ್ಲೇ ಹೊಲಿದುಕೊಳ್ಳುವ ಬಗೆ ಇಲ್ಲಿದೆ.*

ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರೀತು ಎಂದು ತಮಿಳರಲ್ಲಿ ಗಾದೆಯುಂಟು. ಕೊಯಮತ್ತೂರಿನ ಕಡೆ ಒಂದು ಆಷಾಢ ಕಳೆದವರಿಗೆ ಈ ಮಾತು ತೀರಾ ಅತಿಯೆನ್ನಿಸುವುದಿಲ್ಲ. ಪಶ್ಚಿಮ ಘಟ್ಟದ ಸಾಲು ಪಾಲಕ್ಕಾಡಿನ ಬಳಿ ಸುಮಾರು 30 ಕಿ.ಮೀ. ಅಗಲಕ್ಕೆ ಬಾಯಿ ಬಿಟ್ಟಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯ ಮಾರುತ ತನ್ನ ಮಳೆಯನ್ನು ಬಹುಪಾಲು ಕೇರಳದಲ್ಲೇ ಸುರಿದು, ಆ ಕಂಡಿಯಿಂದ ಒಣ ಗಾಳಿಯಾಗಿ ಇತ್ತ ನುಗ್ಗುತ್ತದೆ. ಪಲ್ಲಡಂ, ಉಡುಮಲೈಪೇಟೆಯ ಬಯಲಿನಲ್ಲಿ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿರುವುದು ಇದೇ ಗಾಳಿಯನ್ನು ನಂಬಿ. ಇಲ್ಲಿನ ದೊಡ್ಡ ಮಳೆ ಬರುವುದು ಅದಾದ ಮೇಲೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರಿನಲ್ಲಿ.

ಹಳೆಯ ಕಾರಿನ ಒಲವು ಕೊಯಮತ್ತೂರಿಗೆ ಹೊಸದಲ್ಲ. ಜಿ.ಡಿ. ನಾಯ್ಡು 1920ರಲ್ಲಿ ಪೊಳ್ಳಾಚಿ–ಪಳನಿ ನಡುವೆ ತಾವೇ ಬಸ್ಸು ಓಡಿಸಿ ಮೋಟಾರು ವ್ಯವಹಾರ ಶುರು ಮಾಡಿದವರು. ಅವಿನಾಶಿ ರಸ್ತೆಯ ಜಿಡಿ ಕಾರ್ ಮ್ಯೂಸಿಯಂ ಅವರ ಹೆಸರಿನ ಸಂಸ್ಥೆಯದೇ. ಎಸ್. ಕರಿವರ್ಧನ್ ತೆರೆದ ಕಾಕ್‌ಪಿಟ್‌ನ ಒಂಟಿ ಸೀಟಿನ ರೇಸ್ ಕಾರುಗಳನ್ನು ಕಟ್ಟಿದ್ದು ಕೊಯಮತ್ತೂರಿನಲ್ಲೇ. ಚೆಟ್ಟಿಪಾಳ್ಯದ ರೇಸ್ ಟ್ರ್ಯಾಕಿಗೆ ಅವರದೇ ಹೆಸರು. ಮನೆಗಳ ಶೆಡ್ಡಿನಲ್ಲಿ ಮಾತ್ರ ಹೆಚ್ಚಾಗಿ ಕಾಣುವುದು ಹಳೆಯ ಜೀಪು. ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲೀಸ್ ಜೀಪು ಜೋಡಿಸಲು ತೊಡಗಿದ ಮೇಲೆ ತೋಟ, ಎಸ್ಟೇಟುಗಳಿಗೆ ಹೊಕ್ಕ ಬಳಗ ಇದು. ಅಲ್ಲೊಂದು ಇಲ್ಲೊಂದು ಎಂಜಿ ಕಾರು, ಮೇಲ್ಛಾವಣಿ ಬಿಚ್ಚಿಸಿಕೊಂಡ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಇರುತ್ತದೆ. ಹೆರಾಲ್ಡಿಗೆ ಬೇರೆಯೇ ಚಾಸಿಸ್ ಇದ್ದು, ಛಾವಣಿಯನ್ನು ಬೋಲ್ಟ್‌ನಿಂದ ಕೂರಿಸಿದ್ದರಿಂದ ಅದನ್ನು ತೆರೆದ ಕಾರಾಗಿ ಮಾರ್ಪಡಿಸುವುದು ಸಲೀಸು.

ಇಂಥ ಕಾರಿಗೆ ಅಂಗಡಿಯ ರೆಡಿಮೇಡ್ ಕವರ್ ಹೊಂದುವುದಿಲ್ಲ. ಛಾವಣಿ ಇಲ್ಲದ ಕಡೆ ಬಟ್ಟೆ ಜೋತುಬಿದ್ದು ಗುಂಡಿಯಾಗುತ್ತದೆ, ಮಳೆ ಬಂದರೆ ಅಲ್ಲೇ ನೀರು ನಿಲ್ಲುತ್ತದೆ. ಗಾಳಿಗೆ ಸಡಿಲ ಬಟ್ಟೆ ಪಟಪಟ ಹೊಡೆದುಕೊಳ್ಳುವಾಗ ಕೆಳಗೆ ಸೇರಿದ ಧೂಳು ಬಣ್ಣವನ್ನು ಉಜ್ಜುತ್ತಲೇ ಇರುತ್ತದೆ. ಒಂದು ಹಂಗಾಮು ಕಳೆದ ಮೇಲೆ ಬಾಗಿಲ ಮೇಲಂಚನ್ನು ಬಿಸಿಲಿಗೆ ಓರೆಯಾಗಿ ನೋಡಿ: ಕಮಾನಿನಂಥ ಸಣ್ಣ ಗೀರುಗಳು ಒಂದರ ಮೇಲೊಂದು ಬಿದ್ದು ಆ ಜಾಗ ಮಂಕಾಗಿರುತ್ತದೆ.

ಆದ್ದರಿಂದ ಇಡೀ ಕಾರನ್ನು ಮುಚ್ಚುವ ಬದಲು ಕೂರುವ ಜಾಗವನ್ನಷ್ಟೇ ಬಿಗಿಯಾಗಿ ಮುಚ್ಚುವ ಹೊದಿಕೆ ಮೇಲು. ಮೋಟಾರು ಬಲ್ಲವರು ಇದನ್ನು ಟಾನೋ ಕವರ್ ಎನ್ನುತ್ತಾರೆ. ಮುಂದಿನ ಗಾಜಿನ ಬುಡದಿಂದ ಸೀಟಿನ ಹಿಂಬದಿಯವರೆಗೆ, ಒಂದು ಬಾಗಿಲಿನಿಂದ ಇನ್ನೊಂದರವರೆಗೆ ಇದರ ಹರವು. ಗಾಳಿಗೆ ಮೇಲೇಳಬಾರದು, ಮೇಲೆ ನೀರು ನಿಲ್ಲಬಾರದು, ಅಂಚು ಬಣ್ಣ ಕೆರೆಯಬಾರದು, ಒಳಗೆ ಬೆವರಬಾರದು. ಮುಂದಿನ ಹಂತಗಳೆಲ್ಲ ಈ ನಾಲ್ಕಕ್ಕಾಗಿಯೇ.

ಬಟ್ಟೆ ಯಾವುದು?

*ಹತ್ತಿಯ ಕ್ಯಾನ್ವಾಸ್:* ಗಾಳಿಯಾಡುತ್ತದೆ, ಹೊಲಿಯಲು ಸುಲಭ, ಬೆಲೆ ಕೈಗೆಟುಕುತ್ತದೆ. ನೆನೆದರೆ ಬಿಗಿಯುತ್ತದೆ, ಒದ್ದೆಯಾಗಿ ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ. ಶೆಡ್ಡಿನಲ್ಲಿ ಅಥವಾ ಮರದ ನೆರಳಲ್ಲಿ ನಿಲ್ಲುವ ಕಾರಿಗೆ ಇದೇ ಸಾಕು.

*ಅಕ್ರಿಲಿಕ್ ಕ್ಯಾನ್ವಾಸ್:* ನೂಲು ತಯಾರಾಗುವಾಗಲೇ ಬಣ್ಣ ಸೇರಿಸಿದ ಬಗೆಯದು. ದೋಣಿಗಳ ಮೇಲುಹೊದಿಕೆ, ಅಂಗಡಿ ಮುಂದಿನ ಚಪ್ಪರಗಳಿಗೆ ಬಳಸುವುದು ಇದನ್ನೇ. ಬಿಸಿಲಿಗೆ ಬಣ್ಣ ಬೇಗ ಹೋಗುವುದಿಲ್ಲ, ನೆನೆದರೆ ಕುಗ್ಗುವುದಿಲ್ಲ, ಬೆಲೆ ಮಾತ್ರ ಹೆಚ್ಚು. ಸದಾ ಬಯಲಲ್ಲಿ ನಿಲ್ಲುವ ಗಾಡಿಗೆ ಇಷ್ಟು ಖರ್ಚು ಮಾಡಬಹುದು.

*ರೆಕ್ಸಿನ್, ಲಾರಿಯ ಪ್ಲಾಸ್ಟಿಕ್ ತಾಡಪಾಲು:* ನೀರು ಒಳಗೆ ಬಿಡುವುದಿಲ್ಲ, ಆವಿಯನ್ನು ಹೊರಗೂ ಬಿಡುವುದಿಲ್ಲ. ಬಿಸಿಲಲ್ಲಿ ಒಳಗಿನ ತೇವ ಬೆವರಾಗಿ ಇಳಿದು ತಗಡಿಗೆ ತುಕ್ಕು, ಚರ್ಮದ ಸೀಟಿಗೆ ಬೂಷ್ಟು ತರುತ್ತದೆ. ಕೊನೆಯಲ್ಲಿ ಹೇಳುವ ಮಳೆಯೂರು ವಾಲ್ಪಾರೈ ಬಿಟ್ಟು ಬೇರೆಲ್ಲೂ ಇದು ಬೇಡ.

ಅಂಗಡಿಯಲ್ಲಿ ಕ್ಯಾನ್ವಾಸ್ ಕೊಳ್ಳುವಾಗ ಒಂದು ಮೂಲೆಯನ್ನು ಎರಡು ಕೈಯಲ್ಲಿ ಹಿಡಿದು ಗಟ್ಟಿಯಾಗಿ ತಿಕ್ಕಿ ನೋಡಿ. ಬಿಳಿ ಪುಡಿ ಉದುರಿದರೆ ನೀವು ಕೊಳ್ಳುತ್ತಿರುವುದು ನೂಲಿಗಿಂತ ಹೆಚ್ಚಾಗಿ ಗಂಜಿ. ಒಂದು ಸಲ ನೆನೆಸಿದರೆ ಬಟ್ಟೆ ಸೋತುಹೋಗುತ್ತದೆ. ಬೆಳಕಿಗೆ ಹಿಡಿದಾಗ ಸೂಜಿ ಮೊನೆಯಂಥ ಚುಕ್ಕಿಗಳು ಸಮನಾಗಿ ಕಾಣಬೇಕು, ನೇಯ್ಗೆಯಲ್ಲಿ ಗೆರೆಗೆರೆಯಾಗಿ ತೆರಪು ಇರಬಾರದು. ಬಾಯಿಟ್ಟು ಊದಿದರೆ ಆಚೆ ಬದಿಯ ಅಂಗೈಗೆ ಉಸಿರು ತುಸುವೇ ತಾಗಬೇಕು. ಬಣ್ಣ ಖಾಕಿ ಅಥವಾ ತಿಳಿ ಬೂದಿ ಇರಲಿ. ಕಪ್ಪು ಬಟ್ಟೆ ಬಿಸಿಲು ಹೀರಿ ಸ್ಟೀರಿಂಗ್, ಡ್ಯಾಶ್‌ಬೋರ್ಡನ್ನು ಕಾಯಿಸುತ್ತದೆ.

ಬೇಕಾಗುವ ಸಾಮಾನು

- 60 ಇಂಚು ಅಗಲದ ಕ್ಯಾನ್ವಾಸ್, ಎರಡು ಸೀಟಿನ ಕಾರಿಗೆ ಸುಮಾರು 3 ಮೀಟರ್
- ಪ್ಯಾಟರ್ನ್ ತೆಗೆಯಲು ದಪ್ಪನೆಯ ಪಾರದರ್ಶಕ ಪಾಲಿಥೀನ್ ಹಾಳೆ, ಮಾರ್ಕರ್ ಪೆನ್ನು, ಮಾಸ್ಕಿಂಗ್ ಟೇಪು
- ಪ್ರಯೋಗಕ್ಕೆ ಬ್ಲೀಚ್ ಮಾಡದ ಅಗ್ಗದ ಹತ್ತಿ ಬಟ್ಟೆ
- ದಪ್ಪ ಪಾಲಿಯೆಸ್ಟರ್ ದಾರ, 16 ಮತ್ತು 18ನೇ ನಂಬರಿನ ಸೂಜಿ
- ಪ್ಲಾಸ್ಟಿಕ್ ಹಲ್ಲಿನ ದಪ್ಪ ಜಿಪ್ಪು (8 ಅಥವಾ 10ನೇ ನಂಬರು)
- ಹಿತ್ತಾಳೆ ಐಲೆಟ್, ಬ್ಯಾಗಿಗೆ ಹಾಕುವ ಪಾಲಿಯೆಸ್ಟರ್ ಪಟ್ಟಿ, ಪ್ಲಾಸ್ಟಿಕ್ ಬಕಲ್ಲು
- ಅಂಚಿಗೆ 2 ಇಂಚು ಅಗಲದ ಪಾಲಿಯೆಸ್ಟರ್ ಫ್ಲೀಸ್ ಪಟ್ಟಿ, ಕಿರುಬೆರಳು ದಪ್ಪದ ಹಗ್ಗ

ಸಿದ್ಧ ಉಡುಪಿನ ಊರಾದ ತಿರುಪ್ಪೂರಿನಲ್ಲಿ ದಾರ, ಜಿಪ್ಪು, ಎಲಾಸ್ಟಿಕ್, ಪಟ್ಟಿಗಳ ಅಂಗಡಿಗಳಿಗೆ ಕೊರತೆಯಿಲ್ಲ. ರೈಲು ನಿಲ್ದಾಣದ ಹತ್ತಿರದ ಖಾದರ್‌ಪೇಟೆಯ ಸುತ್ತ ಒಂದು ಸುತ್ತು ಹಾಕಿದರೆ ಫ್ಲೀಸ್ ತುಂಡುಗಳೂ ಸಿಕ್ಕಾವು. ಕಬ್ಬಿಣದ ಐಲೆಟ್ ಕೊಡಲು ಬಂದರೆ ಬೇಡವೆನ್ನಿ, ಮೊದಲ ಮಳೆಗೇ ಬಟ್ಟೆಯ ಮೇಲೆ ತುಕ್ಕಿನ ಕಲೆ ಇಳಿಯುತ್ತದೆ.

ಹಂತ 1: ಬಟ್ಟೆ ನೆನೆಸಿ ಕುಗ್ಗಿಸಿ

ಹತ್ತಿಯ ಕ್ಯಾನ್ವಾಸಾದರೆ ಕತ್ತರಿ ಹಾಕುವ ಮುಂಚೆ ಕುಗ್ಗಿಸಲೇಬೇಕು. ಬಟ್ಟೆಯ ಮೇಲೆ 50 ಸೆಂ.ಮೀ. ಚೌಕ ಗುರುತು ಮಾಡಿ. ಇಡೀ ತುಂಡನ್ನು ರಾತ್ರಿ ನೀರಲ್ಲಿ ನೆನೆಸಿ, ಹಿಂಡದೆ ನೆರಳಲ್ಲಿ ಒಣಗಿಸಿ, ಇಸ್ತ್ರಿ ಹಾಕಿ ಮತ್ತೆ ಅಳೆಯಿರಿ. 48 ಸೆಂ.ಮೀ.ಗೆ ಇಳಿದಿದ್ದರೆ ನೂರಕ್ಕೆ 4ರಷ್ಟು ಕುಗ್ಗಿದೆ ಎಂದರ್ಥ. ಇನ್ನೊಮ್ಮೆ ನೆನೆಸಿ. ಎರಡನೇ ಸಲ ಅಳತೆ ಬದಲಾಗದಿದ್ದರೆ ಬಟ್ಟೆ ಸಿದ್ಧ.

ಹಂತ 2: ಕಾರಿನ ಮೇಲೇ ಪ್ಯಾಟರ್ನ್ ತೆಗೆಯಿರಿ

ಕಾರು ತೊಳೆದು ಒಣಗಿಸಿ. ಬಾಗಿಲು ಮುಚ್ಚಿ, ಚಕ್ರಗಳನ್ನು ನೇರ ಮಾಡಿ, ಸೀಟುಗಳನ್ನು ಕಾರು ನಿಲ್ಲಿಸುವಾಗ ಹೇಗಿರುತ್ತವೋ ಹಾಗೇ ಇಡಿ. ಪಾಲಿಥೀನ್ ಹಾಳೆಯನ್ನು ಮೇಲೆ ಹರಡಿ, ಮೊದಲು ಗಾಜಿನ ಬುಡದ ನಡುವಿಗೆ, ಆಮೇಲೆ ಹಿಂಬದಿಯ ನಡುವಿಗೆ ಟೇಪು ಹಾಕಿ. ಅಲ್ಲಿಂದ ಮೂಲೆಗಳ ಕಡೆಗೆ ಸುಕ್ಕು ಬಿಡಿಸುತ್ತ ಹೋಗಿ. ಮೂಲೆಯಿಂದ ಶುರು ಮಾಡಿದರೆ ಸುಕ್ಕೆಲ್ಲ ನಡುವೆ ಬಂದು ಕೂರುತ್ತದೆ.

ಈಗ ಮಾರ್ಕರ್‌ನಿಂದ ಇವನ್ನು ಬರೆಯಿರಿ: ಹೊದಿಕೆ ಮುಗಿಯಬೇಕಾದ ಗೆರೆ, ಕಾರಿನ ನಡುಗೆರೆ, ಗಾಜಿನ ಕಂಬಗಳು, ಕನ್ನಡಿಗಳು, ಸ್ಟೀರಿಂಗ್ ಉಬ್ಬು ಶುರುವಾಗಿ ಮುಗಿಯುವ ಜಾಗ. ‘ಎಡ’, ‘ಬಲ’, ‘ಮುಂದೆ’, ‘ಮೇಲ್ಮೈ’ ಎಂದು ಅಕ್ಷರದಲ್ಲೇ ಬರೆಯಿರಿ. ಹಾಳೆ ಕೆಳಗಿಳಿದ ಮೇಲೆ ಯಾವುದು ಯಾವ ಕಡೆಯೆಂದು ನೆನಪಿರುವುದಿಲ್ಲ.

ಎಡ ಅರ್ಧವನ್ನು ತೆಗೆದು ಅದನ್ನೇ ಮಗುಚಿ ಬಲಕ್ಕೂ ಬಳಸುವ ಆಸೆ ಬೇಡ. ಎಂಜಿಯ ಟಿ ಸರಣಿಯ ಕಾರುಗಳ ತಗಡು ನಿಂತಿರುವುದೇ ಆ್ಯಶ್ ಮರದ ಚೌಕಟ್ಟಿನ ಮೇಲೆ, ಅದೂ ಕೈಯಿಂದ ಕೂರಿಸಿದ್ದು. ಎಷ್ಟೋ ಸಲ ಡೆಂಟ್ ತೆಗೆಸಿಕೊಂಡ ಹಳೆಯ ಜೀಪಿನ ಕಥೆಯೂ ಹೀಗೆಯೇ. ಎರಡು ಬದಿಯೂ ಒಂದೇ ಆಗಿರುವುದು ಅಪರೂಪ.

ಹಂತ 3: ಇಳಿಜಾರು ಎಲ್ಲಿದೆ ನೋಡಿ

ಮೇಲ್ಮೈ ಸಪಾಟಾಗಿದ್ದರೆ ನೀರು ನಿಂತೇ ನಿಲ್ಲುತ್ತದೆ. ಸ್ಟೀರಿಂಗ್ ಕಡೆ ಹೇಗೂ ಎತ್ತರವಿರುತ್ತದೆ, ತೊಂದರೆ ಅದರ ಪಕ್ಕದ ಸೀಟಿನ ಮೇಲೆ. ಅಲ್ಲಿಗೆ ಕರೆಂಟ್ ವೈರಿಂಗಿಗೆ ಬಳಸುವ ಪಿವಿಸಿ ಪೈಪನ್ನು ಬಿಲ್ಲಿನಂತೆ ಬಗ್ಗಿಸಿ, ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸೀಟಿನ ಬೆನ್ನಿನವರೆಗೆ ಆನಿಸಿ. ತುದಿಗಳಿಗೆ ಬಟ್ಟೆ ಸುತ್ತಿರಿ. ಅಡಿಗೆ ಅರ್ಧ ಇಂಚಾದರೂ ಇಳುಕಲು ಸಿಗಬೇಕು, ನೀರು ಬಾಗಿಲ ಹೊರಬದಿಗೆ ಹರಿಯಬೇಕು. ಪೈಪು ಇಟ್ಟ ಮೇಲೆ ಪ್ಯಾಟರ್ನನ್ನು ಮತ್ತೆ ಹಾಸಿ ಗೆರೆ ತಿದ್ದಿಕೊಳ್ಳಿ.

ಹಂತ 4: ಅಗ್ಗದ ಬಟ್ಟೆಯಲ್ಲಿ ಒಂದು ಪ್ರಯೋಗ

ಪಾಲಿಥೀನ್ ಹಿಗ್ಗುವ ರೀತಿಯೇ ಬೇರೆ, ಬಟ್ಟೆ ಬೀಳುವ ರೀತಿಯೇ ಬೇರೆ. ಸೋಮನೂರು, ಪಲ್ಲಡಂನ ಪವರ್‌ಲೂಮ್‌ಗಳಿಂದ ಬರುವ ಕಚ್ಚಾ ಹತ್ತಿ ಬಟ್ಟೆ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಪ್ಯಾಟರ್ನ್ ಕತ್ತರಿಸಿ, ಉದ್ದುದ್ದ ಹೊಲಿಗೆ ಹಾಕಿ ಕಾರಿಗೆ ತೊಡಿಸಿ. ಬಿಗಿಯಾದಲ್ಲಿ ಕತ್ತರಿಸಿ ಬಿಡಿ, ಸಡಿಲಾದಲ್ಲಿ ಪಿನ್ ಹಾಕಿ. ಸ್ಟೀರಿಂಗಿನ ಉಬ್ಬಿಗೆ ಎರಡು ದಾರಿ: ಉಬ್ಬು ಕಡಿಮೆಯಿದ್ದರೆ ರವಿಕೆಗೆ ಹಾಕುವಂಥ ಡಾರ್ಟ್ ಸಾಕು, ಚಕ್ರ ಪೂರ್ತಿ ಮೇಲೆದ್ದಿದ್ದರೆ ಅರ್ಧಚಂದ್ರಾಕಾರದ ಬೇರೆ ತುಂಡು ಜೋಡಿಸಬೇಕು. ತಿದ್ದುಪಡಿಗಳೆಲ್ಲ ಮುಗಿದ ಮೇಲೆ ಈ ಬಟ್ಟೆಯನ್ನು ಬಿಚ್ಚಿದರೆ ಅದೇ ನಿಮ್ಮ ಕೊನೆಯ ಪ್ಯಾಟರ್ನ್.

ಹಂತ 5: ಹಾಸು ಹೊಕ್ಕು ನೋಡಿ ಕತ್ತರಿಸಿ

ಸಿರುಮುಗೈ, ನೆಗಮಂ ಕಡೆಯ ಕನ್ನಡ ಮನೆಮಾತಿನ ದೇವಾಂಗ ನೇಕಾರರಿಗೆ ಹಾಸು ಹೊಕ್ಕಿನ ಪಾಠ ಹೇಳಿಕೊಡಬೇಕಿಲ್ಲ. ಉಳಿದವರು ಕಲಿತರೆ ಹೊದಿಕೆ ವರ್ಷಗಟ್ಟಲೆ ಜೋಲದೆ ಉಳಿಯುತ್ತದೆ. ಹಾಸು ನೂಲು ಮಗ್ಗದಲ್ಲಿ ಎಳೆದು ಬಿಗಿದಿದ್ದು, ಹೊಕ್ಕಿಗಿಂತ ಕಡಿಮೆ ಹಿಗ್ಗುತ್ತದೆ. ಆದ್ದರಿಂದ ಹಾಸು ಕಾರಿನ ಉದ್ದಕ್ಕೆ, ಮುಂದಿನಿಂದ ಹಿಂದಕ್ಕೆ ಬರಲಿ. ಅತಿ ಹೆಚ್ಚು ಹಿಗ್ಗುವುದು ಓರೆ ಕತ್ತರಿಸಿದ ಅಂಚು. ಹಿಂಬದಿಯ ಬಾಗಿದ ಅಂಚುಗಳೆಲ್ಲ ಓರೆಯೇ ಆಗುವುದರಿಂದ, ಕತ್ತರಿಸಿದ ಕೂಡಲೆ ಅಲ್ಲಿಗೆ ಒಳಗಿನಿಂದ ಹತ್ತಿಯ ಟೇಪು ಕೊಟ್ಟು ಹೊಲಿದುಬಿಡಿ. ಬಟ್ಟೆಯ ಕರೆ ಉಳಿದ ಭಾಗಕ್ಕಿಂತ ಬಿಗಿಯಾಗಿರುತ್ತದೆ, ಅದನ್ನು ಅರ್ಧ ಇಂಚು ಕತ್ತರಿಸಿ ತೆಗೆಯಿರಿ.

ಜೋಡಣೆಗೆ ಮುಕ್ಕಾಲು ಇಂಚು, ಅಂಚು ಮಡಿಸಲು ಒಂದೂವರೆ ಇಂಚು ಹೆಚ್ಚಿಗೆ ಬಿಡಿ. ಹೊದಿಕೆಯನ್ನು ನಡುಗೆರೆಯಲ್ಲಿ ಎರಡು ಭಾಗವಾಗಿಯೇ ಕತ್ತರಿಸಿ. ನಡುವೆ ಜಿಪ್ಪು ಬರುವುದರಿಂದ ಇಡೀ ಹೊದಿಕೆ ತೆಗೆಯದೆ ಒಂದು ಬದಿಯನ್ನಷ್ಟೇ ತೆರೆಯಬಹುದು.

ಹಂತ 6: ಹೊಲಿಗೆ

ಮನೆಯ ಹಳೆಯ ಉಷಾ, ಸಿಂಗರ್ ಯಂತ್ರದಲ್ಲಿ ಎರಡು ಪದರ ಕ್ಯಾನ್ವಾಸ್ ಆರಾಮಾಗಿ ಹೋಗುತ್ತದೆ. ನಾಲ್ಕು ಪದರ ಬಂದ ಕಡೆ ಮೋಟಾರು ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸಿ. ಹೊಲಿಗೆಯ ಉದ್ದ 3.5ರಿಂದ 4 ಮಿ.ಮೀ. ಇರಲಿ, ಅದಕ್ಕಿಂತ ಸಣ್ಣದಾದರೆ ತೂತು ಒತ್ತೊತ್ತಾಗಿ ಬಟ್ಟೆ ಅಲ್ಲೇ ಹರಿಯುತ್ತದೆ. ಹತ್ತಿ ದಾರ ಬಿಸಿಲು ಮಳೆಗೆ ಕೊಳೆಯುತ್ತದೆ, ನೈಲಾನ್ ಬಿಸಿಲಿಗೆ ಸೋಲುತ್ತದೆ. ಪಾಲಿಯೆಸ್ಟರೇ ಸರಿ.

ಜೋಡಣೆಗಳಿಗೆ ಜೀನ್ಸ್ ಪ್ಯಾಂಟಿನಲ್ಲಿರುವಂತೆ ಅಂಚನ್ನು ಒಳಗೆ ಮಡಚಿ ಎರಡು ಸಾಲು ಹೊಲಿಗೆ ಹಾಕಿ. ಮಡಿಕೆ ಯಾವ ಕಡೆಗೆ ಎಂಬುದು ಮುಖ್ಯ: ಹೆಂಚು ಹೊದೆಸಿದ ಹಾಗೆ ಮೇಲಿನ ತುಂಡು ಕೆಳಗಿನದರ ಮೇಲೆ ಕೂರಬೇಕು. ಮಡಿಕೆಯ ಬಾಯಿ ಮೇಲ್ಮುಖವಾದರೆ ಹರಿಯುವ ನೀರು ಅಲ್ಲಿಗೇ ಇಳಿಯುತ್ತದೆ.

ಜಿಪ್ಪಿನ ಮೇಲೆ ಒಂದೂವರೆ ಇಂಚಿನ ಮುಚ್ಚಳ ಪಟ್ಟಿ ಕೊಡಿ. ಬಣ್ಣಕ್ಕೆ ತಾಗುವ ಅಂಚುಗಳಿಗೆಲ್ಲ ಒಳಬದಿಯಲ್ಲಿ ಫ್ಲೀಸ್ ಪಟ್ಟಿ ಹೊಲಿಯಿರಿ. ತಿರುಪ್ಪೂರಿನ ಹತ್ತಿ ಬನಿಯನ್ ಬಟ್ಟೆ ಮೆತ್ತಗಿದ್ದರೂ ಇಲ್ಲಿಗೆ ಬೇಡ. ನೀರು ಹೀರಿ ಗಂಟೆಗಟ್ಟಲೆ ಒದ್ದೆಯಾಗಿರುತ್ತದೆ. ಪಾಲಿಯೆಸ್ಟರ್ ಫ್ಲೀಸ್ ಬೇಗ ಆರುತ್ತದೆ.

ಹಂತ 7: ತೂತು ಕೊರೆಯದೆ ಕಟ್ಟುವುದು

ಕಾರಿನ ಮೇಲೆ ಹುಡ್ (ಮಡಚುವ ಬಟ್ಟೆಯ ಛಾವಣಿ) ಕಟ್ಟುವ ಬಟನ್ನುಗಳು ಮೊದಲೇ ಇದ್ದರೆ ಅವನ್ನೇ ಬಳಸಿ. ಹೊದಿಕೆಯನ್ನು ಎಳೆದು ಹಿಡಿದು, ಬಟನ್ನಿನ ಜಾಗವನ್ನು ಬಟ್ಟೆಯ ಮೇಲೆ ಒತ್ತಿ ಗುರುತು ಮಾಡಿ. ಮುಂದಿನ ನಡುವಿನದು ಮೊದಲು, ಹಿಂದಿನ ನಡುವಿನದು ಆಮೇಲೆ, ಬಳಿಕ ಎಡ ಬಲ ಸರದಿಯಲ್ಲಿ. ಹತ್ತಿಯ ಹೊದಿಕೆಗೆ ಒಂದು ಬೆರಳು ತೂರುವಷ್ಟು ಸಡಿಲ ಇರಲಿ. ಒಣಗಿದ್ದಾಗಲೇ ಮದ್ದಳೆಯ ಬಿಗಿ ಬಂದರೆ ನೆನೆದಾಗ ಬಟನ್ನೇ ಕಿತ್ತುಬರುತ್ತದೆ.

ಬಟನ್ನಿಲ್ಲದ ಕಾರಿಗೆ ಹೊಸದಾಗಿ ತೂತು ಕೊರೆಯುವ ಮುನ್ನ ಈ ಉಪಾಯ ನೋಡಿ. ಬಾಗಿಲ ಬದಿಯಲ್ಲಿ ಹೊದಿಕೆಗೆ 5 ಇಂಚಿನ ಜೋಲು ಪಟ್ಟಿ ಬಿಡಿ, ಅದರ ತುದಿಯ ಮಡಿಕೆಯೊಳಗೆ ಹಗ್ಗ ಕೂರಿಸಿ ಹೊಲಿಯಿರಿ. ಬಾಗಿಲು ತೆರೆದು ಪಟ್ಟಿಯನ್ನು ಒಳಕ್ಕೆ ಇಳಿಬಿಟ್ಟು ಬಾಗಿಲು ಮುಚ್ಚಿದರೆ, ಸಂದಿಯಲ್ಲಿ ಒಂದೇ ಪದರ ಬಟ್ಟೆ ಉಳಿದು ಹಗ್ಗದ ದಪ್ಪ ಒಳಗೆ ಕಚ್ಚಿಕೊಳ್ಳುತ್ತದೆ. ಎಂಥ ಗಾಳಿಗೂ ಆ ಬದಿ ಮೇಲೇಳದು. ಬಾಗಿಲು ಒತ್ತಿ ಮುಚ್ಚಬೇಕಾಗಿ ಬಂದರೆ ಅಲ್ಲಿ ಬಟ್ಟೆ ದಪ್ಪವಾಯಿತೆಂದು ತಿಳಿದು ಪದರ ಕಡಿಮೆ ಮಾಡಿ. ಬಾಗಿಲಿನಿಂದ ಒಳಗೆ ನೀರು ಜಿನುಗದಂತೆ, ಮೇಲಿನ ಹೊದಿಕೆಯನ್ನು ಬಾಗಿಲ ಹೊರಬದಿಗೆ 2 ಇಂಚು ಇಳಿಯುವ ಇನ್ನೊಂದು ಪದರವಾಗಿ ಮುಂದುವರಿಸಿ.

ಮುಂದುಗಡೆ ಗಾಜಿನ ಕಂಬಗಳಿಗೆ ಪಟ್ಟಿ ಸುತ್ತಿ ಬಕಲ್ ಹಾಕಿ. ಹಿಂದುಗಡೆ ಎರಡು ಪಟ್ಟಿಗಳನ್ನು ಬಂಪರಿನ ಕೆಳಕ್ಕೆ ಒಯ್ದು ಬಿಗಿಯಿರಿ; ಬಣ್ಣದ ಮೇಲೆ ಹಾಯುವಷ್ಟು ಉದ್ದಕ್ಕೆ ಪಟ್ಟಿಗೂ ಫ್ಲೀಸ್ ತೊಡಿಸಿ. ಅಯಸ್ಕಾಂತದ ತುಂಡುಗಳನ್ನು ನಂಬಬೇಡಿ. ಕಬ್ಬಿಣದ ಪುಡಿ, ಧೂಳು ಹಿಡಿದು ಗೀರು ಬೀಳುತ್ತದೆ, ಅಲ್ಯೂಮಿನಿಯಂ ಭಾಗಗಳಿಗೆ ಅವು ಅಂಟುವುದೂ ಇಲ್ಲ.

ಹಂತ 8: ಉಸಿರಾಟದ ಕಿಂಡಿ

ಸೀಟಿನ ಬೆನ್ನಿನ ಹಿಂದೆ, ಎಡಕ್ಕೊಂದು ಬಲಕ್ಕೊಂದು ದೊಡ್ಡ ಐಲೆಟ್ ಹಾಕಿ. ಕೆಳಗೆ ಸೊಳ್ಳೆ ಪರದೆಯ ತುಂಡು, ಮೇಲೆ ಹಿಂದಕ್ಕೆ ಬಾಯಿ ತೆರೆದ ಸಣ್ಣ ಬಟ್ಟೆಯ ಮುಚ್ಚಳ ಇರಲಿ. ಬಿಸಿ ಗಾಳಿ ಇಲ್ಲಿಂದ ಹೊರಹೋಗುತ್ತದೆ, ಮಳೆ ಒಳಗೆ ಬರುವುದಿಲ್ಲ.

ಹಂತ 9: ನೀರು ಜಾರುವಂತೆ ಮಾಡುವುದು

ಅಕ್ರಿಲಿಕ್ ಬಟ್ಟೆಗೆ ಇದು ಬೇಕಿಲ್ಲ. ಹತ್ತಿಯದಕ್ಕೆ ಸಾಬೂನು ಮತ್ತು ಪಟಿಕದ ಹಳೆಯ ವಿಧಾನ ಈಗಲೂ ಅಗ್ಗ. ಅರ್ಧ ಕಿಲೋ ಬಟ್ಟೆ ಸೋಪನ್ನು ತುರಿದು 8 ಲೀಟರ್ ಬಿಸಿನೀರಲ್ಲಿ ಕರಗಿಸಿ, ಹೊದಿಕೆಯನ್ನು ಚೆನ್ನಾಗಿ ಅದ್ದಿ, ನೀರಿಳಿದು ಅರೆಬರೆ ಒಣಗುವವರೆಗೆ ಹರವಿ. ಆಮೇಲೆ ಕಾಲು ಕಿಲೋ ಪಟಿಕ ಕರಗಿಸಿದ 4 ಲೀಟರ್ ನೀರಲ್ಲಿ ಕೆಲವು ಗಂಟೆ ಮುಳುಗಿಸಿಟ್ಟು, ತೆಗೆದು ಒಣಗಿಸಿ. ಎರಡೂ ಸೇರಿ ನೂಲಿನ ಮೇಲೆ ನೀರಲ್ಲಿ ಕರಗದ ಅಲ್ಯೂಮಿನಿಯಂ ಸಾಬೂನು ಕೂರುತ್ತದೆ. ನೇಯ್ಗೆಯ ರಂಧ್ರ ಮುಚ್ಚುವುದಿಲ್ಲ, ಹಾಗಾಗಿ ಗಾಳಿಯಾಟ ಉಳಿಯುತ್ತದೆ. ಇಲ್ಲಿನ ಅಂಗಡಿಯಲ್ಲಿ ‘ಪಡಿಗಾರಂ’ ಎಂದು ಕೇಳಿದರೆ ಪಟಿಕ ಕೊಡುತ್ತಾರೆ. ಮೊದಲು ಕತ್ತರಿಸಿ ಉಳಿದ ತುಂಡಿನ ಮೇಲೆ ಮಾಡಿ ನೋಡಿ, ಬಣ್ಣ ಬಿಡುವುದೋ ಇಲ್ಲವೋ ಗೊತ್ತಾಗುತ್ತದೆ. ಚಮಚದಲ್ಲಿ ನೀರು ಹಾಕಿದಾಗ ಹನಿ ಗುಂಡಾಗಿ ಉರುಳಿದರೆ ಕೆಲಸ ಆಗಿದೆ.

ಜೀಪಿಗೆ ಸ್ವಲ್ಪ ಬೇರೆ

ಜೀಪಿನ ಒಳಜಾಗ ಉದ್ದ, ಹಿಂದಿನ ಬೆಂಚುಗಳೂ ಅದರಲ್ಲೇ ಸೇರಿವೆ. ಎಲ್ಲವನ್ನೂ ಒಂದೇ ಹೊದಿಕೆಯಲ್ಲಿ ಮುಚ್ಚಿದರೆ ಭಾರ ಹೆಚ್ಚಿ ನಡುವೆ ಜೋಲುತ್ತದೆ. ಮುಂದಿನ ಸೀಟುಗಳಿಗೊಂದು, ಹಿಂಬದಿಗೊಂದು ಎಂದು ಎರಡಾಗಿ ಹೊಲಿದು, ಮುಂದಿನದು ಹಿಂದಿನದರ ಮೇಲೆ 6 ಇಂಚು ಬರುವಂತೆ ಮಾಡಿ. ತಗಡಿನ ಹೊರಬದಿಯಲ್ಲಿ ಹುಡ್ ಕಟ್ಟುವ ಕೊಕ್ಕೆಗಳಿದ್ದರೆ ಐಲೆಟ್‌ಗಳನ್ನು ಅವುಗಳ ಅಳತೆಗೇ ಹಾಕಿ. ಬಟನ್ನಿನ ಗೊಡವೆಯೇ ಇಲ್ಲ. ಹುಡ್‌ನ ಕಂಬಿಗಳು ಜಾಗದಲ್ಲಿದ್ದರೆ ಇಳಿಜಾರು ಕೊಡಲು ಪೈಪೂ ಬೇಕಿಲ್ಲ.

ವಾಲ್ಪಾರೈಗೆ ಬೇರೆ ಲೆಕ್ಕ

ಮೇಲೆ ಹೇಳಿದ್ದೆಲ್ಲ ಬಯಲು ಸೀಮೆಗೆ. ಆಳಿಯಾರಿನಿಂದ 40 ಹೇರ್‌ಪಿನ್ ತಿರುವು ಹತ್ತಿದರೆ ಅದೇ ಕೊಯಮತ್ತೂರು ಜಿಲ್ಲೆಯಲ್ಲಿ ಹವೆ ತಲೆಕೆಳಗು. ವಾಲ್ಪಾರೈ ಬಳಿಯ ಚಿನ್ನಕಲ್ಲಾರ್ ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲೊಂದು. ಅಲ್ಲಿನ ಎಸ್ಟೇಟ್ ಜೀಪುಗಳಿಗೆ ಹತ್ತಿ ಬಟ್ಟೆ ಮಳೆಗಾಲವಿಡೀ ಒಣಗುವುದೇ ಇಲ್ಲ. ಅಲ್ಲಿಗೆ ನೀರು ಬಿಡದ ತಾಡಪಾಲೇ ಬೇಕು, ಆದರೆ ಕಿಂಡಿಗಳನ್ನು ಎರಡರ ಬದಲು ನಾಲ್ಕು ಮಾಡಿ, ಮಳೆ ಬಿಟ್ಟ ಗಳಿಗೆಯಲ್ಲಿ ಹೊದಿಕೆ ತೆಗೆದು ಒಳಗೆ ಗಾಳಿಯಾಡಿಸಿ.

ಬಳಸುವಾಗ ನೆನಪಿಡಿ

- ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರನ್ನು ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲಿಸಿ. ಗಾಳಿ ಮುಂದಿನ ಗಾಜಿಗೆ ಬಡಿದು ಹೊದಿಕೆಯ ಮೇಲಿಂದ ಹಾಯುತ್ತದೆ. ಹಿಂದಿನಿಂದ ಬಂದರೆ ಅಂಚಿನಡಿಗೆ ಹೊಕ್ಕು ಎತ್ತುತ್ತದೆ.
- ಧೂಳು ಒರೆಸದೆ ಹೊದಿಕೆ ಹಾಕಬೇಡಿ. ಬಿಗಿಯಾದ ಹೊದಿಕೆಯೂ ಅಡಿಯಲ್ಲಿ ಮರಳಿದ್ದರೆ ಕೆರೆಯುತ್ತದೆ.
- ಇದು ನಿಂತ ಕಾರಿಗೆ ಮಾಡಿದ್ದು. ಬಕಲ್ ಪಟ್ಟಿಗಳಲ್ಲಿ ಕಟ್ಟಿದ ಹೊದಿಕೆಯೊಡನೆ ರಸ್ತೆಗಿಳಿಯಬೇಡಿ, ಪಟ್ಟಿ ಕಳಚಿದರೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ.
- ಒದ್ದೆ ಹೊದಿಕೆಯನ್ನು ಮಡಿಸಿ ಡಿಕ್ಕಿಗೆ ಹಾಕಬೇಡಿ.
- ತೊಳೆಯಲು ತಣ್ಣೀರು, ಮೆತ್ತನೆಯ ಬ್ರಷ್ ಸಾಕು. ವಾಷಿಂಗ್ ಮೆಷಿನ್ನಿಗೆ ಹಾಕಿದರೆ ಪಟಿಕದ ಕೆಲಸ ವ್ಯರ್ಥ. ಹನಿ ಉರುಳುವುದು ನಿಂತಾಗ 9ನೇ ಹಂತವನ್ನು ಮತ್ತೊಮ್ಮೆ ಮಾಡಿ.

ಕೆಲಸಕ್ಕೆ ಏಪ್ರಿಲ್, ಮೇ ಒಳ್ಳೆಯ ಸಮಯ. ನೆನೆಸಿದ ಕ್ಯಾನ್ವಾಸ್ ಬೇಗ ಒಣಗುತ್ತದೆ, ಗಾಳಿ ಎದ್ದ ಮೇಲೆ ಕಾರಿನ ಮೇಲೆ ಪಾಲಿಥೀನ್ ಹರಡುವ ಸರ್ಕಸ್ಸೂ ತಪ್ಪುತ್ತದೆ. ದಪ್ಪ ಪದರಗಳಿಗೆ ಮನೆ ಯಂತ್ರ ಒಪ್ಪದಿದ್ದರೆ ಕತ್ತರಿಸಿ ಗುರುತು ಮಾಡಿದ ತುಂಡುಗಳನ್ನು ಸೀಟ್ ಕವರ್ ಹೊಲಿಯುವವರಿಗೆ ಕೊಡಿ. ಅಳತೆ ನಿಮ್ಮದಾಗಿದ್ದರೆ ಹೊಲಿಗೆ ಯಾರದಾದರೂ ಆದೀತು. ಪ್ರಯೋಗದ ಬಟ್ಟೆಯ ಪ್ಯಾಟರ್ನನ್ನು ಮಾತ್ರ ಎಸೆಯಬೇಡಿ. ಅದರ ಮೇಲೆ ಕಾರಿನ ಹೆಸರು, ಇಸವಿ, ಕೊನೆಗೆ ಮಾಡಿದ ತಿದ್ದುಪಡಿಗಳನ್ನು ಬರೆದು ಸುತ್ತಿಡಿ. ಬಿಸಿಲಿಗೆ ಬಟ್ಟೆ ಸವೆದು ಎರಡನೇ ಹೊದಿಕೆ ಹೊಲಿಯುವ ಹೊತ್ತಿಗೆ ಅರ್ಧ ಕೆಲಸ ಆಗಿಯೇ ಇರುತ್ತದೆ.